ರೊಟ್ಟಿ ತಾಟಿನಲ್ಲಿ ಹೋದ ಮುಲಾಮು

ನನ್ನ ಗೆಳತಿ ಸುನಂದಾಳ ವರ್ಷಗಟ್ಟಲೆಯ ಸಂಶೋಧನೆಯನ್ನು ರೊಟ್ಟಿ ನುಂಗಿಬಿಟ್ಟಿತು.

ಹೌದು, ರೊಟ್ಟಿ. ಎಳ್ಳು ಹಚ್ಚಿದ, ಹಪ್ಪಳದಷ್ಟು ತೆಳ್ಳಗಿನ, ಮುರಿದರೆ ಪಕ್ಕದ ಮನೆಗೆ ಕೇಳಿಸುವ ಖಡಕ್ ರೊಟ್ಟಿ. ಇಲಿ ನುಂಗಿದ್ದರೆ ಅವಳು ಇಷ್ಟು ಕಂಗಾಲಾಗುತ್ತಿರಲಿಲ್ಲ. ಇಲಿಗಳ ಸಂಗಡ ಅವಳದು ಅರ್ಧ ಆಯುಷ್ಯದ ಸಂಸಾರ. (ಅವಳ ಗಂಡನೂ ಈ ಮಾತನ್ನು ಒಪ್ಪುತ್ತಾನೆ.)

ಸುನಂದಾ ಬೆಟಗೇರಿಯವಳು, ನೇಕಾರರ ಮನೆಯ ಮಗಳು. ಗದಗಿನ ಕಾಲೇಜಿನಲ್ಲಿ ಪಿಯುಸಿ ಸೈನ್ಸಿಗೆ ನಾವಿಬ್ಬರೂ ಒಂದೇ ಬೆಂಚು. ಕಪ್ಪೆ ಕೊಯ್ಯುವ ದಿನ ಬಂತು. ನಾನು ಎದ್ದವಳು ಸೀದಾ ಆರ್ಟ್ಸಿಗೆ ಹೋಗಿ ಬಿದ್ದೆ. ಅವಳು ನನ್ನ ಪಾಲಿನ ಕಪ್ಪೆಯನ್ನೂ ಸೇರಿಸಿ ಕೊಯ್ದಳು. ಈಗ ಅವಳು ದೂರದ ಊರಿನ ಸರ್ಕಾರಿ ಲ್ಯಾಬೊಂದರಲ್ಲಿ ವಿಜ್ಞಾನಿ. ನಾನು ವಾರಕ್ಕೊಮ್ಮೆ ಈ ಅಂಕಣ ಬರೆದು ನಿಮ್ಮ ತಲೆ ತಿನ್ನುತ್ತಿದ್ದೇನೆ.

ಎಷ್ಟು ದೊಡ್ಡ ವಿಜ್ಞಾನಿಯಾದರೂ ಪಂಚಮಿಗೆ ತವರು ಬಿಡುವುದುಂಟೇ? ಈ ಸಲವೂ ಬಂದಳು. ಬಂದವಳು ಬೆಟಗೇರಿಯಲ್ಲಿ ಚೀಲ ಇಟ್ಟು, ಗದಗಿನ ನಮ್ಮ ಮನೆಗೆ ಬಂದು, ಸೋಫಾದ ಮೇಲೆ ಕೂತು, ಕೊಟ್ಟ ಚಹಾವನ್ನು ಮುಟ್ಟದೆ ತಣ್ಣಗಾಗಲು ಬಿಟ್ಟಳು. ಸುನಂದಾ ಚಹಾ ಆರಲು ಬಿಡುವವಳಲ್ಲ. ಏನೋ ಆಗಿದೆ ಅಂತ ನನಗೆ ಆಗಲೇ ಗೊತ್ತಾಯಿತು.

"ಏನಾಗೇತಿ ಹೇಳ," ಅಂದೆ.

"ನನ್ನ ಮುಲಾಮು ಸತ್ತಂಗ," ಅಂದಳು.

ಸುನಂದಾಳ ಮುಲಾಮಿನ ಸುದ್ದಿ ನನಗೆ ಹೊಸದಲ್ಲ. ಸಕ್ಕರೆ ಕಾಯಿಲೆ ಇದ್ದವರ ಕಾಲಿಗೆ ಗಾಯವಾದರೆ ಅದು ಬೇಗ ಮಾಯುವುದಿಲ್ಲ, ನಿಮಗೂ ಗೊತ್ತು. ಮೊದಲು ಬೆರಳು ತೆಗೆಯುತ್ತಾರೆ, ಆಮೇಲೆ ಪಾದ, ಆಮೇಲೆ ಮೊಣಕಾಲಿನ ತನಕ. ಇವಳು ಲ್ಯಾಬಿನಲ್ಲಿ ಒಂದು ವಸ್ತು ಕಂಡುಹಿಡಿದಿದ್ದಳು. ಸುಸ್ತಾಗಿ ಮಲಗಿದ ಗಾಯದ ಅಂಚನ್ನು ಅದು ತಟ್ಟಿ ಎಬ್ಬಿಸುತ್ತದಂತೆ. ಇಲಿಗಳ ಗಾಯ ಚೆಂದಗೆ ಮಾಯಿತು. ಇಲಿಗಳು ಖುಷ್. ಸುನಂದಾ ಖುಷ್. ಪೇಪರಿನಲ್ಲಿ ಫೋಟೋ ಬಂತು. (ಇಲಿಯದಲ್ಲ, ಇವಳದು.)

ಆಮೇಲೆ?

"ಇಲಿಗೆ ರೊಕ್ಕ ಸಿಗತೈತಿ. ಮನಷ್ಯಾಗ ಸಿಗೂದಿಲ್ಲ ನೋಡ," ಅಂದಳು ಸುನಂದಾ.

ಹೊಲದಲ್ಲಿ ಜೋಳ ಬೆಳೆದ ಮಾತ್ರಕ್ಕೆ ತಾಟಿಗೆ ರೊಟ್ಟಿ ಬಂದು ಬೀಳುತ್ತದೆಯೇ? ಕೊಯ್ಯಬೇಕು, ರಾಶಿ ಮಾಡಬೇಕು, ಬೀಸಬೇಕು, ನಾದಬೇಕು, ಬಡಿಯಬೇಕು. ಔಷಧದ ಕಥೆಯೂ ಅದೇ. ಲ್ಯಾಬಿನಲ್ಲಿ ಕಂಡುಹಿಡಿದದ್ದು ಬರೀ ಜೋಳ. ಅದು ಮನುಷ್ಯರಿಗೆ ಒಗ್ಗುತ್ತದೋ ಇಲ್ಲವೋ ನೋಡಬೇಕು, ಎಷ್ಟು ಹಚ್ಚಬೇಕು ಗೊತ್ತಾಗಬೇಕು, ಊರೂರಿನ ಕಾಲುಗಳ ಮೇಲೆ ಪರೀಕ್ಷೆಯಾಗಬೇಕು. ಕಂಡುಹಿಡಿಯುವುದಕ್ಕೆ ಸರ್ಕಾರ ಅಷ್ಟೋ ಇಷ್ಟೋ ಕೊಡುತ್ತದೆ. ಮಾರುವುದಕ್ಕೆ ಕಂಪನಿಯವರು ಬರುತ್ತಾರೆ, ಲಾಭ ಕಂಡರೆ. ನಡುವಿನ ಬೀಸುವ, ನಾದುವ, ಬಡಿಯುವ ಕೆಲಸಕ್ಕೆ ಯಾರು?

ಸುನಂದಾಳ ಮುಲಾಮಿಗೆ ಕಂಪನಿಗಳು ಮೂಸಿಯೂ ನೋಡಲಿಲ್ಲ. ಯಾಕೆಂದರೆ ಅದನ್ನು ಮಾಡುವುದು ಅಗ್ಗ. ಅದು ಬೇಕಾದವರೂ ಬಡವರು. ಅಗ್ಗದ ಔಷಧ, ಬಡ ರೋಗಿ. ಇದಕ್ಕಿಂತ ಕೆಟ್ಟ ಜಾತಕ ಇನ್ನೊಂದಿದೆಯೇ?

ಕೊನೆಗೆ ಸರ್ಕಾರದ ಒಂದು ಸಮಿತಿ ಮನಸ್ಸು ಮಾಡಿತು. ಒಂದು ಟ್ರಯಲ್‌ಗೆ ಹಣ ಕೊಟ್ಟಿತು. ಸುನಂದಾ ಎಲ್ಲ ಬಿಟ್ಟು ನಮ್ಮ ಜಿಲ್ಲೆಯನ್ನೇ ಆರಿಸಿಕೊಂಡಳು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ. "ನಮ್ಮ ಮಂದಿಗೆ ಮೊದಲ ಸಿಗಲಿ ಅಂತ," ಅಂದಳು. ತವರಿನ ಮೋಹ ವಿಜ್ಞಾನಿಗಳನ್ನೂ ಬಿಡುವುದಿಲ್ಲ.

ಮುಂಡರಗಿ ಕಡೆ ಔಷಧ ಹಚ್ಚಿದವರ ಗಾಯಗಳು ಒಣಗಿದವು. ಶಿರಹಟ್ಟಿ ಕಡೆಯೂ ಒಣಗಿದವು. ಲಕ್ಷ್ಮೇಶ್ವರದಲ್ಲಿ ಮಾತ್ರ ಔಷಧ ಹಚ್ಚಿದವರಿಗೂ ಅಷ್ಟೇ, ಹಚ್ಚದವರಿಗೂ ಅಷ್ಟೇ. ಎಲ್ಲರದೂ ಅರ್ಧಂಬರ್ಧ. ಮೂರೂ ಊರು ಕೂಡಿಸಿದರೆ ಲೆಕ್ಕ ಕುಸಿಯಿತು. "ಸ್ಪಷ್ಟ ಪರಿಣಾಮ ಕಾಣುತ್ತಿಲ್ಲ" ಅಂದಿತು ಸಮಿತಿ. ಹಣ ನಿಂತಿತು. ಟ್ಯೂಬು ನಿಂತವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಮುಂದಿನ ವಾರ ಕಡೀ ಸಲ ಸಮಿತಿ ಮುಂದ ಹೋಗಬೇಕು. ಲಕ್ಷ್ಮೇಶ್ವರದಾಗ ಹಿಂಗ್ಯಾಕ ಆತು ಅಂತ ಕೇಳ್ತಾರ. ನನಗ ಗೊತ್ತಿಲ್ಲ. ಏನಂತ ಹೇಳ್ಲಿ?" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಕಪ್ಪೆ ಕೊಯ್ದಾಗಲೂ ಅಳದವಳು.

ನನಗೆ ವಿಜ್ಞಾನ ಗೊತ್ತಿಲ್ಲ. ಅಳುವ ಗೆಳತಿಯನ್ನು ಏನು ಮಾಡಬೇಕು ಅನ್ನುವುದು ಮಾತ್ರ ಗೊತ್ತು. "ನಾಳೆ ನಮ್ಮೂರಿಗೆ ಹೊಂಟೀನಿ, ಬಾ. ರೊಟ್ಟಿ ತಿಂದು ಬರೂಣು," ಅಂದೆ.

ನಮ್ಮೂರು ಅಂದರೆ ಲಕ್ಷ್ಮೇಶ್ವರ. ಅಪ್ಪ ಅಲ್ಲಿ ಶಾಲೆಯ ಮಾಸ್ತರಾಗಿದ್ದ. ಅಪ್ಪ ಅವ್ವ ಇಬ್ಬರೂ ತೀರಿಹೋಗಿ ವರ್ಷಗಳಾದವು. ಬಾಡಿಗೆ ಮನೆಯಾದ್ದರಿಂದ ನಮ್ಮದು ಅನ್ನುವ ಗೋಡೆ ಒಂದೂ ಅಲ್ಲಿಲ್ಲ. ಆದರೂ ವರ್ಷಕ್ಕೊಮ್ಮೆ ರೊಟ್ಟಿ ಹಬ್ಬಕ್ಕೆ ನಾನು ಹೋಗಿಯೇ ಹೋಗುತ್ತೇನೆ, ಹೋದ ವರ್ಷವೊಂದು ತಪ್ಪಿತ್ತು. ಮಾಬೂಬಿ ಚಿಗವ್ವ ಇದ್ದಾಳಲ್ಲ.

ಮಾಬೂಬಿ ಚಿಗವ್ವ ನಮ್ಮ ಪಕ್ಕದ ಮನೆಯವಳು. ಪಿಂಜಾರರು, ಗಾದಿ ಹೊಲಿಯುವ ಮನೆತನ. ರಕ್ತಸಂಬಂಧ ಏನೂ ಇಲ್ಲ. ಅವ್ವ ಅವಳನ್ನು ತಂಗಿ ಅಂತ ಕರೆದಳು, ಹೀಗಾಗಿ ನಮಗೆ ಚಿಗವ್ವ. ಈ ಲೆಕ್ಕ ಆಗ ಎಲ್ಲರಿಗೂ ತಿಳಿಯುತ್ತಿತ್ತು. ಈಗ ಬಿಡಿಸಿ ಹೇಳಬೇಕಾಗಿದೆ.

ಬಸ್ಸು ಮಾಗಡಿ ದಾಟಿತು. ಕೆರೆ ಬಿಕೋ ಅನ್ನುತ್ತಿತ್ತು. ಹಕ್ಕಿಗಳು ಬರಲು ಇನ್ನೂ ಚಳಿಗಾಲ ಬರಬೇಕು. ಸುನಂದಾ ಕಿಟಕಿಗೆ ತಲೆ ಆನಿಸಿ ಕಣ್ಣುಮುಚ್ಚಿದ್ದಳು. ನಾನು ಹಳೆಯದನ್ನೆಲ್ಲ ಮೆಲುಕು ಹಾಕುತ್ತ ಕೂತೆ. ಊರು ಹತ್ತಿರ ಬಂದ ಹಾಗೆ ನನ್ನ ವಯಸ್ಸು ಇಳಿಯುತ್ತದೆ. ನಿಮಗೂ ಹಾಗೆಯೇ ಆಗುತ್ತದೆಯೇ?

ನನ್ನ ಬಾಲ್ಯಕ್ಕೆ ಒಂದು ಸದ್ದಿದೆ. ಟಂಯ್, ಟಂಯ್, ಟಂಯ್. ಚಿಗವ್ವನ ಗಂಡ ಹುಸೇನಸಾಬ ಕಾಕಾ ಅರಳೆ ಹಿಂಜುವ ಬಿಲ್ಲಿನ ಸದ್ದು. ಆಳೆತ್ತರದ ಬಿಲ್ಲನ್ನು ಸೂರಿಗೆ ಕಟ್ಟಿ, ಮರದ ಗುಂಡಿನಿಂದ ಹೆದೆಯನ್ನು ಹೊಡೆಯುತ್ತಿದ್ದ. ಗಂಟುಗಂಟಾದ ಹಳೆಯ ಅರಳೆ ಹಗುರಾಗಿ ಮೇಲೇಳುತ್ತಿತ್ತು. ಓಣಿಯ ತುಂಬ ಅರಳೆ ಹಾರಾಟ. ನಾವು ಶಾಲೆಗೆ ಹೊರಟರೆ ತಲೆಯ ಮೇಲೆಲ್ಲ ಬಿಳಿ. "ಇಷ್ಟ ಜಲ್ದಿ ಮುದುಕ್ಯಾರ ಆದ್ರಲ್ಲವಾ," ಅಂತ ಕಾಕಾ ನಗುತ್ತಿದ್ದ. ಈಗ ಖರೇನೇ ಆಗಿದ್ದೇವೆ. ನೋಡಲು ಕಾಕಾ ಇಲ್ಲ.

ಕಾಕಾ ಹಿಂಜಿದ ಅರಳೆಯನ್ನು ಚಿಗವ್ವ ಗಾದಿಗೆ ತುಂಬಿ ಹೊಲಿಯುತ್ತಿದ್ದಳು. ಗೇಣುದ್ದದ ದಬ್ಬಣ ಅವಳ ಕೈಯಲ್ಲಿ ಸೂಜಿಯಷ್ಟು ಸಲೀಸು. ಹೊಸ ಗಾದಿ ಮುಗಿಯಿತೋ, ಮದುವೆ ಮನೆಯವರು ಒಯ್ಯುವ ಮೊದಲು ನಮಗೆ ಒಂದು ಸಲ ಉರುಳಾಡಲು ಬಿಡುತ್ತಿದ್ದಳು. ಓಣಿಯ ಹುಡುಗಿಯರು ಉರುಳಾಡದ ಗಾದಿಯ ಮೇಲೆ ಮಲಗಿದ ಮದುವೆ ಜೋಡಿ ನಮ್ಮೂರಲ್ಲಿ ಇಲ್ಲವೇ ಇಲ್ಲ!

ಆ ಗಾದಿಯ ಮೇಲೆಯೇ ನಾನು ಬದುಕಿ ಉಳಿದೆ. ಅವ್ವ ಹೇಳುತ್ತಿದ್ದದ್ದು. ನಾನು ಸಣ್ಣಾಕೆ, ವಾಂತಿ ಭೇದಿ ಹತ್ತಿ ಒಂದೇ ದಿನದಲ್ಲಿ ಬಾಡಿದ ಮೆಂತ್ಯಸೊಪ್ಪಿನಂತಾಗಿದ್ದೆ. ಆಗ ನರ್ಸಬಾಯಿ ಬಂದಳು. ದವಾಖಾನೆಯ ನರ್ಸಬಾಯಿ ಆಗೆಲ್ಲ ಮನೆ ಮನೆಗೆ ಬರುತ್ತಿದ್ದಳು, ಹೆಗಲಿಗೊಂದು ಚೀಲ, ಕಾಲಲ್ಲಿ ಧೂಳು. ಒಂದು ಚರಿಗೆ ನೀರು ಕಾಸಿ ಆರಿಸಿ, ಚೀಲದಿಂದ ಪಾಕೀಟು ತೆಗೆದು ಕದಡಿ, ಚಮಚೆಯಲ್ಲಿ ಕುಡಿಸಲು ಹೇಳಿದಳು. ಅವ್ವ ಕುಡಿಸಹೋಗಿ ಅರ್ಧ ಚೆಲ್ಲಿದಳಂತೆ. ಚಿಗವ್ವ ನನ್ನನ್ನು ಅರೆಬರೆ ಹೊಲಿದ ಗಾದಿಯ ಮೇಲೆ ಹಾಕಿಕೊಂಡು ಇಡೀ ದಿನ ಒಂದೊಂದೇ ಚಮಚೆ ಕುಡಿಸಿದಳಂತೆ. ಮದುವೆ ಮನೆಯವರು ಗಾದಿಗೆ ಬಂದರೆ, "ನಾಳೆ ಬರ್ರಿ, ಕೂಸು ಮಲಗೇತಿ," ಅಂದಳಂತೆ.

ಉಪ್ಪು ಸಕ್ಕರೆಯ ಆ ನೀರಿನ ರುಚಿ ನನಗೆ ನೆನಪಿದೆ ಅನ್ನಿಸುತ್ತದೆ. ಇರಲಿಕ್ಕಿಲ್ಲ. ಆದರೂ ಅನ್ನಿಸುತ್ತದೆ.

ಆ ಪಾಕೀಟೂ ಒಂದು ಕಾಲಕ್ಕೆ ಯಾವುದೋ ಲ್ಯಾಬಿನ ಸಂಶೋಧನೆಯೇ ತಾನೇ? ಸಕ್ಕರೆಯ ಜೊತೆ ಕೊಟ್ಟರೆ ಉಪ್ಪು ನೀರು ಹೊಟ್ಟೆಯಲ್ಲಿ ನಿಲ್ಲುತ್ತದೆ ಅಂತ ಯಾರೋ ಪುಣ್ಯಾತ್ಮರು ಕಂಡುಕೊಂಡರು. ಕಂಡುಕೊಂಡು ಅಲ್ಲಿಗೇ ಬಿಟ್ಟಿದ್ದರೆ? ಅದರಲ್ಲಿ ಯಾರಿಗೆ ಏನು ಲಾಭವಿತ್ತು? ಅದು ಲಕ್ಷ್ಮೇಶ್ವರದ ಪಿಂಜಾರರ ಮನೆ ಮುಟ್ಟಿದ್ದು ಸರ್ಕಾರದ ದುಡ್ಡಿನಿಂದ, ನರ್ಸಬಾಯಿಯ ಕಾಲಿನಿಂದ. ನಮ್ಮ ತೋಳಿನ ಮೇಲೆ ದೇವಿ ಹಾಕಿದ, ಅಂದರೆ ಸಿಡುಬಿನ ಲಸಿಕೆಯ, ಗುರುತಿದೆಯಲ್ಲ, ಅದೂ ಹಾಗೆಯೇ ಬಂದದ್ದು. ಆಗ ದೇಶ ಬಡವಾಗಿತ್ತು. ಈಗ ಶ್ರೀಮಂತವಾಗಿದೆಯಂತೆ. ನನಗೆ ಆ ಬಡ ದೇಶದ ನೆನಪು ಬಹಳ ಬರುತ್ತದೆ.

ಇರಲಿ. ರೊಟ್ಟಿ ಹಬ್ಬಕ್ಕೆ ಬರೋಣ.

ನಮ್ಮ ಕಡೆಯವರಲ್ಲದ ಓದುಗರಿಗಾಗಿ ಒಂದು ಮಾತು. ಪಂಚಮಿಯ ಮುಂಚೆ ನಮ್ಮಲ್ಲಿ ಮನೆ ಮನೆಯಲ್ಲಿ ರೊಟ್ಟಿ ಬಡಿಯುತ್ತಾರೆ. ಜೋಳದ್ದು, ಸಜ್ಜೆಯದ್ದು. ಜೊತೆಗೆ ಮಡಿಕೆಕಾಳು ಪಲ್ಯ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಕೆನೆಮೊಸರು. ಬಡಿದವರು ತಾವೇ ತಿಂದರೆ ಅದು ಹಬ್ಬವಲ್ಲ. ತಾಟಿನಲ್ಲಿಟ್ಟು, ಮೇಲೊಂದು ಅರಿವೆ ಮುಚ್ಚಿ, ಓಣಿಯ ಮನೆಗಳಿಗೆಲ್ಲ ಕೊಟ್ಟು ಬರಬೇಕು. ಅವರ ರೊಟ್ಟಿ ನಮಗೆ, ನಮ್ಮ ರೊಟ್ಟಿ ಅವರಿಗೆ. ಎಲ್ಲರ ಮನೆಯದೂ ಅದೇ ಜೋಳ, ಅದೇ ಎಳ್ಳು. ಆದರೂ ಚಿಗವ್ವನ ಮನೆಯ ರೊಟ್ಟಿಗಾಗಿ ನಾವು ಅಕ್ಕ ತಂಗಿಯರು ಜಡೆ ಹಿಡಿದು ಜಗಳಾಡುತ್ತಿದ್ದೆವು.

ಇದಕ್ಕೊಂದು ಕಾನೂನಿದೆ. ಬಂದ ತಾಟನ್ನು ಖಾಲಿ ಕಳಿಸಬಾರದು. ಮನೆಯಲ್ಲಿ ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕಿ ಕಳಿಸಬೇಕು. ನಾನೊಮ್ಮೆ ಖಾಲಿ ತಾಟು ಒಯ್ದು ಕೊಟ್ಟಿದ್ದಕ್ಕೆ ಅವ್ವ ಬೆನ್ನಿಗೆ ಎರಡು ಗುದ್ದಿ, ಬೆಲ್ಲದ ಹರಳು ಕೈಗಿಟ್ಟು ಮತ್ತೆ ಓಡಿಸಿದ್ದಳು.

ನಾವು ಹೋದಾಗ ಚಿಗವ್ವ ಹಗ್ಗದ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದಳು. ಮುಂಭಾಗದ ಗಾದಿ ಅಂಗಡಿಯಲ್ಲಿ ಈಗ ಮಗ ಫೋಮ್ ಹಾಸಿಗೆ ಮಾರುತ್ತಾನೆ. ಬಿಲ್ಲು ಗೋಡೆಗೆ ಒರಗಿದೆ, ಹೆದೆ ಇಲ್ಲ. ಚಿಗವ್ವನ ಎಡಗಾಲಿಗೆ ಬ್ಯಾಂಡೇಜು ಸುತ್ತಿತ್ತು. ಪಕ್ಕದಲ್ಲಿ ಗಂಗವ್ವ, ಎದುರು ಮನೆಯವಳು, ಚಿಗವ್ವನ ಜೀವದ ಗೆಳತಿ, ಹಬ್ಬದ ರೊಟ್ಟಿ ಮುರಿದು ಇವಳಿಗೆ ಕೊಡುತ್ತಿದ್ದಳು.

"ಏನಾತ ಚಿಗವ್ವ ಕಾಲಿಗೆ?" ಅಂದೆ.

"ಏನ ಹೇಳಲವಾ. ಒಲಿ ಮುಂದ ಕುಂತಿದ್ದೆ. ಸುಟ್ಟ ವಾಸನಿ ಬಂತು. ರೊಟ್ಟಿ ಹೊತ್ತೇತಿ ಅಂತ ಹಂಚು ಇಳಿಸಿದೆ. ರೊಟ್ಟಿ ಚಲೋನ ಇತ್ತು. ಕೆಳಗ ನೋಡತೀನಿ, ಕೆಂಡದ ಮ್ಯಾಲ ನನ್ನ ಕಾಲು."

ನಾನು ಗಾಬರಿಯಾಗಿ ಬ್ಯಾಂಡೇಜಿನ ಮೇಲೆ ಬಗ್ಗಿದೆ. ಚಿಗವ್ವ ಮಾತ್ರ ಸಂತೆಯ ಸುದ್ದಿ ಹೇಳಿದಂತೆ ಹೇಳಿದಳು. ಸಕ್ಕರೆ ಕಾಯಿಲೆ ಅವಳ ಪಾದದ ಅರಿವನ್ನೇ ತಿಂದುಹಾಕಿದೆ. ನೋವೂ ಒಂದು ಕಾವಲುಗಾರ. ಅವಳ ಮನೆಗೆ ಆ ಕಾವಲು ಇಲ್ಲ.

"ಡಾಕ್ಟರ ಏನಂದ್ರು?"

"ಕಪ್ಪಾಗದ ಇದ್ರ ಚಲೋ. ಕಪ್ಪಾತಂದ್ರ ಪಾದದ ಮುಂದಿಂದು ತಗೀಬೇಕು ಅಂದಾರ," ಅಂದಳು. ಬ್ಯಾಂಡೇಜು ಸರಿಮಾಡಿಕೊಳ್ಳುತ್ತ, "ಹೋದ ವರ್ಷ ಬಲಗಾಲಿಗೆ ದಬ್ಬಣ ಚುಚ್ಚಿತ್ತು ನೋಡು, ಆಗ ಸರ್ಕಾರದ ಮುಲಾಮು ಬರ್ತಿತ್ತು. ಬಿಳೀ ಟೂಬು. ಬಂಗಾರದಂಥಾ ಔಷಧ. ಈಗ ಬಂದ್ ಆಗೇತಿ," ಅಂದಳು.

ಸುನಂದಾ ತಲೆ ಎತ್ತಿದಳು.

"ಬಿಳೀ ಟೂಬ? ಮ್ಯಾಲ ಬರೇ ನಂಬರ ಇತ್ತೇನ್ರಿ?"

"ಹೌದ್ರಿ ಬಾಯಾರ, ಹೆಸರಿಲ್ಲ ಏನಿಲ್ಲ. ನಮ್ಮ ಓಣ್ಯಾಗ ಭಾಳ ಮಂದಿಗೆ ಕೊಟ್ಟಿದ್ರು. ಗಂಗವ್ವಗೂ ಕೊಟ್ಟಿದ್ರು."

ಸುನಂದಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ವರ್ಷವಿಡೀ ಇವಳು ಲ್ಯಾಬಿನಲ್ಲಿ ಕೂತು ಬರೀ ನಂಬರು ನೋಡಿದ್ದಳು. ಆ ನಂಬರಿನ ಕಾಲು ಈಗ ಹೊರಸಿನ ಮೇಲೆ ಚಾಚಿಕೊಂಡಿತ್ತು.

"ನಿಮಗ ಆರಾಮ ಆತೇನ್ರಿ ಅದರಿಂದ?" ಅಂತ ಮೆಲ್ಲಗೆ ಕೇಳಿದಳು.

"ಮೊದಲ ಮೊದಲ ಭಾಳ ಚಲೋ ಆತ್ರಿ. ಗಾಯದ ದಂಡಿ ಎಲ್ಲಾ ಗುಲಾಬಿ ಬಣ್ಣ ಬಂತು. ಈ ಗಂಗವ್ವಂದು ನೋಡಿದ್ರ ಏನೂ ಇಲ್ಲ, ಇದ್ದಂಗ ಐತಿ. ನನಗ ಜೀವ ತಡೀಲಿಲ್ಲ. ಇಕಿ ಟೂಬಿನಾಗ ಔಷಧ ಕಮ್ಮಿ ಬಂದೇತಿ ಅನಿಸ್ತು. ರೊಟ್ಟಿ ಹಬ್ಬ ಬಂತಲ್ಲ, ರೊಟ್ಟಿ ತಾಟಿನಾಗ ನನ್ನ ಟೂಬೂ ಇಟ್ಟು ಕಳಿಸಿದೆ."

ಗಂಗವ್ವ ರೊಟ್ಟಿ ಮುರಿಯುತ್ತಲೇ ಹೇಳಿದಳು. "ತಾಟು ಖಾಲಿ ಹೆಂಗ ಕಳಸಲಿ? ನನ್ನ ಟೂಬು ಇಟ್ಟು ಕಳಿಸಿದೆ."

"ಹಂಗ ನೋಡ್ರಿ," ಅಂದಳು ಚಿಗವ್ವ. "ಅದನ್ನ ನೋಡಿ ಹಿಂದಿನ ಓಣಿಯಾಕಿ ಬಂದಳು, ನನಗೂ ನಾಟಿಲ್ಲ ಅಂದಳು. ಅಕಿಗೂ ಒಂದೀಟು. ಆಮ್ಯಾಲ ಹೊಸಾ ಟೂಬು ಬಂದ ಕೂಡ್ಲೆ ಎಲ್ಲಾರೂ ಇಲ್ಲೇ ಕೂಡ್ತಿದ್ವಿ. ಒಂದ ಬಟ್ಟಲದಾಗ ಹಾಕಿ ಕಲಿಸಿ, ಪಾಲು ಮಾಡಿ ಒಯ್ತಿದ್ವಿ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಮ್ಮಿ ಇಲ್ಲ."

ಸುನಂದಾ ಎರಡೂ ಕೈ ತಲೆಯ ಮೇಲೆ ಹೊತ್ತು ನೆಲಕ್ಕೆ ಕೂತುಬಿಟ್ಟಳು. ಮೊದಲು ನಕ್ಕಳು. ನಗುತ್ತ ನಗುತ್ತ ಅಳಲು ಶುರು ಮಾಡಿದಳು. ಗಂಗವ್ವ ಗಾಬರಿಯಾಗಿ ಅವಳ ಕೈಗೆ ಒಂದು ರೊಟ್ಟಿ ತುಂಡು ಕೊಟ್ಟಳು. (ನಮ್ಮ ಕಡೆ ಯಾವ ಸಂಕಟಕ್ಕೂ ಅದೇ ಪ್ರಥಮ ಚಿಕಿತ್ಸೆ.)

ಅರ್ಥವಾಯಿತಲ್ಲ? ಇಂಥ ಪರೀಕ್ಷೆಯಲ್ಲಿ ಅರ್ಧ ಜನಕ್ಕೆ ನಿಜವಾದ ಮುಲಾಮು, ಅರ್ಧ ಜನಕ್ಕೆ ಔಷಧವಿಲ್ಲದ ಸಾದಾ ಮುಲಾಮು. ಯಾರಿಗೆ ಯಾವುದು ಅನ್ನುವುದು ಹಚ್ಚಿಕೊಂಡವರಿಗೂ ಗೊತ್ತಿರುವುದಿಲ್ಲ, ಕೊಡುವವರಿಗೂ ಗೊತ್ತಿರುವುದಿಲ್ಲ. ಕೊನೆಗೆ ಎರಡೂ ಗುಂಪಿನ ಗಾಯ ಹೋಲಿಸಿ ನೋಡಿದರೆ ಔಷಧದ ಗುಣ ತಿಳಿಯುತ್ತದೆ. ಮುಂಡರಗಿಯ ಕಡೆ ಒಬ್ಬರು ಕೊರ್ಲಹಳ್ಳಿಯ ಹೊಳೆ ದಂಡೆಯವರಾದರೆ ಇನ್ನೊಬ್ಬರು ಮತ್ತೆಲ್ಲಿಯೋ, ಒಬ್ಬರ ಮುಖ ಒಬ್ಬರು ಕಂಡವರಲ್ಲ. ಶಿರಹಟ್ಟಿಯ ಕಡೆಯೂ ಹಾಗೆಯೇ. ಲಕ್ಷ್ಮೇಶ್ವರದಲ್ಲಿ ಮಾತ್ರ ಎಲ್ಲರೂ ಅಕ್ಕಪಕ್ಕದ ಎರಡು ಓಣಿಯವರು. ಅವರು ಔಷಧವನ್ನೂ ಸಾದಾ ಮುಲಾಮನ್ನೂ ಒಂದೇ ಬಟ್ಟಲಲ್ಲಿ ಕಲಸಿ ಪಾಲು ಮಾಡಿದರು. ಎಲ್ಲರಿಗೂ ಅರ್ಧ ಔಷಧ ಸಿಕ್ಕಿತು. ಎಲ್ಲರ ಗಾಯವೂ ಅರ್ಧ ಮಾಯಿತು. ಲೆಕ್ಕದಲ್ಲಿ ವ್ಯತ್ಯಾಸ ಎಲ್ಲಿಂದ ಬರಬೇಕು?

"ಟೂಬು ಕೊಡೂ ನರ್ಸಬಾಯಿಗೆ ಯಾಕ ಹೇಳಲಿಲ್ರಿ?" ಸುನಂದಾ ಕಣ್ಣೊರೆಸಿಕೊಂಡು ಕೇಳಿದಳು.

"ಅಕಿ ಕೇಳಲಿಲ್ಲ ನೋಡ್ರಿ. ದಿನಾ ಹಚ್ಚಿಕೊಳ್ತೀರಿಲ್ಲೋ ಅಂತಿದ್ದಳು. ಹಚ್ಚಿಕೊಳ್ತೀವಿ ಅಂತಿದ್ವಿ. ಖರೇನ ಐತಲ್ಲ."

"ಬ್ಯಾರೇದವರಿಗೆ ಕೊಡಬಾರದು ಅಂತ ಹೇಳಿದ್ದಿಲ್ಲೇನ್ರಿ?"

"ಹೇಳಿದ್ದಳ್ರಿ," ಅಂದಳು ಚಿಗವ್ವ. ಆಮೇಲೆ ಗಂಗವ್ವನ ಕಡೆ ಕೈ ಮಾಡಿ, "ಇಕಿ ಬ್ಯಾರೇದಾಕ್ಯಾ?" ಅಂದಳು.

ಈ ಪ್ರಶ್ನೆಗೆ ಯಾವ ಯೂನಿವರ್ಸಿಟಿಯಲ್ಲಿ ಉತ್ತರ ಕಲಿಸುತ್ತಾರೆ?

ಸುನಂದಾಳನ್ನು ನಾನು ಮೆಚ್ಚುವುದು ಇದಕ್ಕೇ. ಅವಳು ಸಿಟ್ಟಾಗಲಿಲ್ಲ. ಹೊರಸಿನ ಹತ್ತಿರ ಸರಿದು ಕೂತು, ಚಿಗವ್ವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಆ ಮುಲಾಮು ತಯಾರು ಮಾಡಿದವಳು ತಾನೇ ಅಂತ ಹೇಳಿದಳು. ಎರಡು ತರದ ಟ್ಯೂಬು ಯಾಕೆ, ಯಾಕೆ ಹಂಚಬಾರದಿತ್ತು, ಹಂಚಿದ್ದರಿಂದ ಏನಾಯಿತು, ಎಲ್ಲ ಬಿಡಿಸಿ ಹೇಳಿದಳು. ಇಬ್ಬರೂ ಮುದುಕಿಯರು ಗಂಭೀರವಾಗಿ ಕೇಳಿದರು.

ಗಂಗವ್ವ ಸಣ್ಣ ದನಿಯಲ್ಲಿ, "ಹಂಗಂದ್ರ ನಾವು ಪಾಲು ಮಾಡಿದ್ದಕ್ಕ ಔಷಧ ಬಂದ್ ಆತೇನ್ರಿ?" ಅಂದಳು.

ಆಮೇಲೆ ಸೀರೆಯ ಅಂಚು ಸರಿಸಿ ತನ್ನ ಪಾದ ತೋರಿಸಿದಳು. ಟ್ಯೂಬು ನಿಂತ ಮೇಲೆ ಚಳಿಗಾಲದಲ್ಲಿ ಒಂದು ಬೆರಳು ತೆಗೆದಿದ್ದಾರೆ, ಕಾಲುಂಗುರ ಹಾಕುವ ಬೆರಳು. "ಒಂದು ಕಾಲುಂಗುರ ಪೆಟಗಿ ಸೇರೇತಿ. ಗಂಡ ಗಟ್ಟಿ ಅದಾನ, ಬೆರಳು ಹೋತು," ಅಂತ ನಕ್ಕಳು.

ಚಿಗವ್ವನಿಗೆ ನಗು ಬರಲಿಲ್ಲ, ಬೇಸರ ಬಂತು. "ತಪ್ಪಾತ್ರಿ ಬಾಯಾರ. ನಮಗ ತಿಳೀಲಿಲ್ಲ," ಅಂದಳು. ಅಷ್ಟು ವರ್ಷ ಅವಳ ಮಡಿಲಲ್ಲಿ ಬೆಳೆದವಳು ನಾನು. ಚಿಗವ್ವ ಯಾರ ಮುಂದೆಯೂ ಹಾಗೆ ತಲೆ ತಗ್ಗಿಸಿದ್ದನ್ನು ನೋಡಿರಲಿಲ್ಲ. ನನಗೆ ಬಹಳ ಕೆಟ್ಟೆನಿಸಿತು. ಹಂಚಿ ತಿನ್ನುವುದನ್ನು ಜೀವನವಿಡೀ ಕಲಿಸಿದ ಓಣಿ ಅದು. ಅದೇ ತಪ್ಪಾಯ್ತು ಅಂತ ಅವಳ ಬಾಯಲ್ಲಿ ಕೇಳುವ ದಿನ ಬಂತಲ್ಲ.

"ತಪ್ಪು ನಿಮ್ಮದಲ್ರಿ," ಅಂದಳು ಸುನಂದಾ. "ನಾನೂ ಬೆಟಗೇರಿ ಓಣ್ಯಾಗ ರೊಟ್ಟಿ ತಾಟು ಹೊತ್ತಾಕಿನ. ನನಗ ಹೊಳೀಬೇಕಿತ್ತು." ಆಮೇಲೆ, "ಈಗ ಸಮಿತಿಗೆ ಹೇಳಾಕ ಕಾರಣ ಸಿಕ್ಕೇತಿ. ಇನ್ನೊಮ್ಮೆ ರೊಕ್ಕ ಕೊಡ್ರಿ ಅಂತ ಕೇಳ್ತೀನಿ. ಕೊಟ್ರ ಇಲ್ಲೇ ಮತ್ತ ಟೂಬು ಕೊಡ್ತೀವಿ. ಆದ್ರ ಈ ಸಲ ಹಂಚಬಾರದ್ರಿ. ಒಬ್ಬರದು ಒಬ್ಬರು ಮುಟ್ಟಬಾರದು. ನಿಮಗ ಮಾಯಾಕತ್ತಿ, ಇವರಿಗೆ ಮಾಯದ ಇದ್ರೂ ಸುಮ್ನ ಇರಬೇಕು. ಆಗತೇತೇನ್ರಿ?" ಅಂದಳು.

ಓಣಿಯಲ್ಲಿ ಯಾರದೋ ಮನೆಯ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಚಿಗವ್ವ ಗಂಗವ್ವನ ಕಾಲು ನೋಡಿದಳು. ತನ್ನ ಕಾಲು ನೋಡಿಕೊಂಡಳು.

"ಒಂದು ಮಾತ ಕೇಳ್ತೀನ್ರಿ," ಅಂದಳು. "ಪರೀಕ್ಷಾ ಮುಗಿದು, ಔಷಧ ಚಲೋ ಐತಿ ಅಂತ ಗೊತ್ತಾದ ಮ್ಯಾಲ, ಎಲ್ಲಾರಿಗೂ ಸಿಗತೇತೇನ್ರಿ? ನಮ್ಮ ದವಾಖಾನ್ಯಾಗ ಬರ್ತೈತಿ?"

ಸುನಂದಾ ಸುಳ್ಳು ಹೇಳಬಹುದಿತ್ತು. ಅವಳಿಂದ ಆಗಲಿಲ್ಲ. "ಅದು ಗೊತ್ತಿಲ್ರಿ. ಪರೀಕ್ಷಾ ಮಾಡಾಕ ರೊಕ್ಕ ಕೇಳಬಹುದು. ಆಮ್ಯಾಲ ತಯಾರ ಮಾಡಿ ಎಲ್ಲಾರಿಗೂ ಮುಟ್ಟಸಾಕ ಯಾರು ಕೊಡ್ತಾರ ಅಂತ ನನಗೂ ಗೊತ್ತಿಲ್ಲ," ಅಂದಳು.

"ಹಂಗಾದ್ರ ಕೇಳಿ ಬರ್ರಿ," ಅಂದಳು ಚಿಗವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ಗಾದಿಯ ವ್ಯವಹಾರ ಮಾತಾಡುವ ದನಿ ಅದು. "ಕಡೀಕ ಎಲ್ಲಾರಿಗೂ ಸಿಗತೈತಿ ಅಂದ್ರ ನಾವು ಈಗ ಹಂಚೂದಿಲ್ಲ. ಖುರಾನ್ ಮುಟ್ಟಿ ಹೇಳ್ತೀನಿ. ನನಗ ಸಾದಾ ಟೂಬು ಬಂದು ಈ ಕಾಲು ಹೋದ್ರೂ ಹಂಚೂದಿಲ್ಲ. ಕಡೀಕೂ ಸಿಗೂದಿಲ್ಲ ಅಂದ್ರ, ಇದ್ದಷ್ಟು ದಿನ ನಾವು ಯಾಕ ಹಂಚಿಕೋಬಾರದು?"

ಸುನಂದಾ ವಾಪಸು ಬರುವಾಗ ಬಸ್ಸಿನಲ್ಲಿ ಚಿಗವ್ವನ ಪ್ರಶ್ನೆಯನ್ನು ಟಿಕೀಟಿನ ಹಿಂದೆ ಬರೆದುಕೊಂಡಳು. ಅವಳ ಮಡಿಲಲ್ಲಿ ಚಿಗವ್ವ ಕಟ್ಟಿಕೊಟ್ಟ ರೊಟ್ಟಿ ಗಂಟಿತ್ತು.

ನಿನ್ನೆ ಸಂಜೆ ಸಭೆ ಮುಗಿಸಿ ಫೋನ್ ಮಾಡಿದಳು. ನಾನು ಒಲೆಯ ಮೇಲಿನ ಹಾಲನ್ನೂ ಮರೆತು ಕೇಳಿದೆ. (ಹಾಲು ಉಕ್ಕಿತು. ನಮ್ಮ ಮನೆಯವರು ಅದನ್ನು ಇನ್ನೂ ಆಡಿ ತೋರಿಸುತ್ತಿದ್ದಾರೆ.)

ಸಮಿತಿಯವರು ಒಳ್ಳೆಯವರೇ ಅಂತೆ. ರೊಟ್ಟಿ ತಾಟಿನ ಕಥೆ ಕೇಳಿ ಹೊಟ್ಟೆ ತುಂಬ ನಕ್ಕರಂತೆ. ಲಕ್ಷ್ಮೇಶ್ವರದ ಲೆಕ್ಕ ಪಕ್ಕಕ್ಕಿಟ್ಟು, ಅಲ್ಲೇ ಇನ್ನೊಮ್ಮೆ ಪರೀಕ್ಷೆ ನಡೆಸಲು ಹಣ ಕೊಡುತ್ತಾರಂತೆ. ಟ್ಯೂಬುಗಳು ಬೇಗ ಬರುತ್ತವಂತೆ. ಹಂಚುವುದಿಲ್ಲ ಅಂತ ಓಣಿಯವರು ಮಾತು ಕೊಡಬೇಕು, ಅದೊಂದೇ ಷರತ್ತು. ನಾನು ಕುಣಿಯುವುದೊಂದು ಬಾಕಿ.

"ಚಿಗವ್ವನ ಪ್ರಶ್ನೆ ಕೇಳಿದ್ಯಾ?" ಅಂದೆ.

"ಕೇಳಿದೆ."

"ಏನಂದ್ರು?"

"ಅದು ಈ ಸಮಿತಿಯ ವ್ಯಾಪ್ತಿಗೆ ಬರೂದಿಲ್ಲ ಅಂದ್ರು."

"ಮತ್ಯಾರ ವ್ಯಾಪ್ತಿಗೆ ಬರ್ತೈತಿ?"

"ಅದನ್ನೂ ಕೇಳಿದೆ. ಮುಂದಿನ ವಿಷಯ ತಗೊಂಡ್ರು."

ನಾಳೆ ನಾನು ಲಕ್ಷ್ಮೇಶ್ವರಕ್ಕೆ ಹೋಗಬೇಕು. ಮಾತು ತೆಗೆದುಕೊಂಡು ಬರುವ ಕೆಲಸ ಸುನಂದಾ ನನಗೇ ಹಚ್ಚಿದ್ದಾಳೆ, ನೀನಾದರೆ ಮನೆಯವಳು ಅಂತ. ಚಿಗವ್ವನ ಪಾದ ಇನ್ನೂ ಕಪ್ಪಾಗಿಲ್ಲವಂತೆ, ಬೆಳಿಗ್ಗೆ ಅವಳ ಮಗ ಹೇಳಿದ. ನಾನು ಹೊಸ್ತಿಲು ದಾಟುವ ಮೊದಲೇ ಅವಳು ಕೇಳುತ್ತಾಳೆ, ನನಗೆ ಗೊತ್ತು. ಅವಳು ತನ್ನ ಕಾಲನ್ನೇ ಪಣಕ್ಕಿಟ್ಟು ಕೇಳಿದ ಪ್ರಶ್ನೆ ಅದು. ಅದಕ್ಕೆ ಉತ್ತರ ಕೊಡಬೇಕಾದ ದುಡ್ಡು ನಿಮ್ಮದು, ನನ್ನದು, ಬೆಂಕಿಪೊಟ್ಟಣ ಕೊಂಡಾಗಲೂ ತೆರಿಗೆ ಕಟ್ಟುವ ಗಂಗವ್ವನದು.

ಉತ್ತರವಿಲ್ಲದೆ, "ಹಂಚಬ್ಯಾಡ ಚಿಗವ್ವ" ಅಂತ ಅವಳಿಗೆ ನಾನು ಯಾವ ಬಾಯಿಂದ ಹೇಳಲಿ?